ಅಂಗಗಳ ಕಸಿಯೂ ದೇಹದ ಪ್ರತಿರೋಧವೂ

ಕಸಿಯೆಂಬ ಶಬ್ದವು ಹಾವೇರಿ ಸೀಮೆಯ ಮಾವಿನ ತೋಟಗಾರರಿಗೆ ಚಿರಪರಿಚಿತವಾದುದು. ವೈದ್ಯರು ಅದನ್ನೇ ಮಾನವಾಂಗಗಳಿಗೂ ಪ್ರಯೋಗಿಸಿರುವರು. ಈ ಸಾದೃಶ್ಯವು ಅರ್ಧ ಮಾತ್ರ ಸಲ್ಲುವುದು. ಮಾವಿನ ಬುಡವು ಅನ್ಯ ಮಾವಿನ ಕುಡಿಯನ್ನು ಸಾಮಾನ್ಯವಾಗಿ ಅಂಗೀಕರಿಸುವುದು. ಮನುಷ್ಯದೇಹವಾದರೋ ಪರಾಂಗವನ್ನು ಗುರುತಿಸಿ ನಾಶಗೊಳಿಸಲೆಳಸುವುದು.

ಟಿಪ್ಪುವಿನ ಸೆರೆಯಲ್ಲಿ 1792ರ ಯುದ್ಧಕಾಲದೊಳು ಮೂಗನ್ನು ಕಳೆದುಕೊಂಡ ಕಾವಸಜಿಯೆಂಬ ಎತ್ತಿನಾಳಿಗೆ ಪುಣೆಯಲ್ಲಿ ಹಣೆಯ ಚರ್ಮದಿಂದ ಹೊಸ ಮೂಗನ್ನು ರಚಿಸಿದ ವೃತ್ತಾಂತವು 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಚರ್ಮವು ಸ್ವಕೀಯವಾದುದರಿಂದ ಅದನ್ನು ದೇಹವು ನಿರಾಕರಿಸಲಿಲ್ಲ. ಪರರ ಚರ್ಮವು ಕೆಲವು ದಿನಗಳಲ್ಲಿಯೇ ಅಳಿಯುವುದು. ಅದೇ ದಾನಿಯಿಂದ ಮತ್ತೆ ತಂದು ಹಚ್ಚಿದರೆ ಇನ್ನೂ ಶೀಘ್ರವಾಗಿ ಅಳಿಯುವುದು. ಈ ನಿರಾಕರಣೆಗೆ ಸ್ಮೃತಿಯುಂಟೆಂಬುದನ್ನು ಮೆಡವಾರನು 1940ರ ದಶಕದಲ್ಲಿ ತೋರಿಸಿದನು. 1954ರಲ್ಲಿ ಬೋಸ್ಟನ್ನಿನಲ್ಲಿ ಮೂತ್ರಪಿಂಡದ ಕಸಿಯು ಸಫಲವಾದುದು ಏಕರೂಪದ ಅವಳಿಗಳ ನಡುವೆ ಎಂಬುದು ಗಮನಾರ್ಹ.

ಈ ವೈರವನ್ನು ಅಳೆಯುವ ಬಗೆ ಹೇಗೆ? ಕಸಿಗೆ ಮೊದಲು ರೋಗಿಯ ರಕ್ತರಸದಲ್ಲಿ ದಾನಿಯ ಬಿಳಿಯ ರಕ್ತಕಣಗಳನ್ನು ಬೆರೆಸಿ ನೋಡುವರು. ಕಣಗಳು ಸತ್ತರೆ ಆ ದಾನವು ಅಪಾಯಕರ. ಪಟೇಲ್ ಮತ್ತು ತೆರಾಸಾಕಿಯರು 1969ರಲ್ಲಿ ಈ ಪರೀಕ್ಷೆಯ ಮಹತ್ತ್ವವನ್ನು ಸ್ಥಾಪಿಸಿದರು. ಕಸಿಯ ತರುವಾಯ ರಕ್ತದಲ್ಲಿ ಕ್ರಿಯಾಟಿನಿನ್ ಏರುವುದನ್ನು ನೋಡುವರು. ಆದರೆ ಅದು ಮನೆ ಹೊತ್ತಿದ ಮೇಲೆ ಕಾಣುವ ಹೊಗೆ, ಕಾರಣವನ್ನೂ ಹೇಳದು. ಆದುದರಿಂದ ಅಂಗದ ತುಣುಕನ್ನು ಸೂಜಿಯಿಂದ ತೆಗೆದು ಸೂಕ್ಷ್ಮದರ್ಶಕದಲ್ಲಿ ಪರಿಶೀಲಿಸುವರು. ಇತ್ತೀಚೆಗೆ ರೋಗಿಯ ರಕ್ತದಲ್ಲಿ ತೇಲುವ ದಾನಿಯ ಡಿಎನ್‌ಎ ಚೂರುಗಳ ಪ್ರಮಾಣವನ್ನೂ ಅಳೆಯುವರು. ಅಳತೆ ತಪ್ಪಿ ಔಷಧವು ಕಡಮೆಯಾದರೆ ಅಂಗಹಾನಿ, ಹೆಚ್ಚಾದರೆ ಸೋಂಕಿಗೆ ದೇಹವು ತೆರೆದ ಬಾಗಿಲು.