ಕೈಗೆ ಬರುವ ಮೊದಲೇ ಕಟ್ ಆಗಲಿ

ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾಗ ಪಿಎಫ್ ಕಟ್ ಆಗುವುದನ್ನು ಯಾರೂ ಸಂಯಮ ಎಂದು ಕರೆದುಕೊಳ್ಳುವುದಿಲ್ಲ. ಮೂಲ ವೇತನದ ಶೇ. 12 ಹೋಗುತ್ತದೆ, ಉಳಿದದ್ದರಲ್ಲಿ ಸಂಸಾರ ನಡೆಯುತ್ತದೆ. ಅದೇ ಮನುಷ್ಯ ಡಲ್ಲಾಸ್ ಪಕ್ಕದ ಫ್ರಿಸ್ಕೊಗೋ ಆಸ್ಟಿನ್‌ಗೋ ಬಂದಿಳಿದರೆ ಉಳಿತಾಯ ಅವನ ಇಷ್ಟಕ್ಕೆ ಬಿಟ್ಟದ್ದು. ಇಷ್ಟಕ್ಕೆ ಬಿಟ್ಟ ಕೆಲಸ ಮುಂದಿನ ತಿಂಗಳಿಗೆ ಹೋಗುತ್ತದೆ. ಮೊದಲು ಕಾರು, ಆಮೇಲೆ ಮನೆ.

ಇಲ್ಲಿ ಪಿಎಫ್‌ನ ನೆಂಟ ಎನ್ನಬಹುದಾದದ್ದು 401(ಕೆ). ಅಮೆರಿಕದ ತೆರಿಗೆ ಸಂಹಿತೆಗೆ 1978ರಲ್ಲಿ ಸೇರಿದ ಒಂದು ಕಲಮಿನ ಸಂಖ್ಯೆಯೇ ಅದರ ಹೆಸರು. ಸಂಬಳದಲ್ಲಿ ನೀವು ಹೇಳಿದಷ್ಟು ಪಾಲು ಆದಾಯ ತೆರಿಗೆ ಲೆಕ್ಕಕ್ಕೆ ಸಿಗುವ ಮೊದಲೇ ಖಾತೆಗೆ ಹೋಗುತ್ತದೆ. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ, ಹಾಗಾಗಿ ಮುಂದಕ್ಕೆ ಹೋಗುವುದು ಫೆಡರಲ್ ತೆರಿಗೆ ಮಾತ್ರ. ಹಣ ತೆಗೆಯುವಾಗ ಅದನ್ನು ಕಟ್ಟಬೇಕು. ವಯಸ್ಸು 59½ ಆಗುವ ಮೊದಲು ತೆಗೆದರೆ, ಕೆಲವು ವಿನಾಯಿತಿ ಬಿಟ್ಟು, ಮೇಲೆ ಶೇ. 10 ದಂಡ. ಈ ದಂಡವನ್ನು ಬೈಯುವವರು ಬಹಳ. ನನಗಂತೂ ಅದು ಹುಂಡಿಯ ಬೀಗ.

ಹಲವು ಕಂಪನಿಗಳು ‘ಮ್ಯಾಚ್’ ಕೊಡುತ್ತವೆ. ಲಕ್ಷ ಡಾಲರ್ ಸಂಬಳದಲ್ಲಿ ನೀವು ಶೇ. 6 ಹಾಕಿ, ಕಂಪನಿ ಅದರ ಅರ್ಧ ಸೇರಿಸಿದರೆ ನಿಮ್ಮ 6,000ಕ್ಕೆ 3,000 ಬಂದು ಕೂತಿತು. ತಿಂಗಳಿಗೆ 500 ಡಾಲರ್ ಹಾಕಿ, ವರ್ಷಕ್ಕೆ ಶೇ. 7 ಬೆಳೆಯಿತು ಎಂದುಕೊಂಡರೆ 30 ವರ್ಷಕ್ಕೆ ಸುಮಾರು 6.1 ಲಕ್ಷ ಡಾಲರ್. ಹತ್ತು ವರ್ಷ ತಡವಾಗಿ ಶುರು ಮಾಡಿದವನಿಗೆ 2.6 ಲಕ್ಷ.

ಸಂಯಮದ ಮಾತು ಬಂದರೆ, ಸ್ಟ್ಯಾನ್‌ಫರ್ಡ್‌ನಲ್ಲಿ ಮನಶ್ಶಾಸ್ತ್ರಜ್ಞ ವಾಲ್ಟರ್ ಮಿಶೆಲ್ ಮಕ್ಕಳ ಮುಂದೆ ಮಿಠಾಯಿ ಇಟ್ಟು ಕಾಯಿಸಿದ ಪ್ರಯೋಗವನ್ನು ಎಲ್ಲರೂ ಹೇಳುತ್ತಾರೆ. ಕಾದ ಮಗು ಮುಂದೆ ಗೆಲ್ಲುತ್ತದೆ ಎಂಬ ಮಾತು 2018ರ ಮರುಪರೀಕ್ಷೆಯಲ್ಲಿ ಬಹಳ ಸಡಿಲವಾಯಿತು. ಮನೆಯ ಸ್ಥಿತಿಗತಿ ಲೆಕ್ಕಕ್ಕೆ ತಂದಾಗ ಉಳಿದದ್ದು ಅಲ್ಪ. ಮಿಶೆಲ್ ಪ್ರಯೋಗಗಳಲ್ಲೇ ಕಂಡ ಇನ್ನೊಂದು ಸಂಗತಿ ನಮಗೆ ಬೇಕಾದದ್ದು: ಮಿಠಾಯಿಯನ್ನು ಮುಚ್ಚಿಟ್ಟರೆ ಮಕ್ಕಳು ಹೆಚ್ಚು ಹೊತ್ತು ಕಾಯುತ್ತಿದ್ದರು. ದೊಡ್ಡವರೂ ಹಾಗೆಯೇ. ‘ಮುಂದಿನ ಇನ್‌ಕ್ರಿಮೆಂಟ್‌ನಿಂದ ಕಡಿತ ಹೆಚ್ಚಿಸುತ್ತೀರಾ?’ ಎಂದು ಮೊದಲೇ ಕೇಳಿ ಒಪ್ಪಿಸುವ ಯೋಜನೆಯನ್ನು ಅರ್ಥಶಾಸ್ತ್ರಜ್ಞರಾದ ಥೇಲರ್ ಮತ್ತು ಬೆನಾರ್ಟ್ಜಿ ಒಂದು ಕಂಪನಿಯಲ್ಲಿ ನಡೆಸಿದರು. ಒಪ್ಪಿದವರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ. 3.5ರಿಂದ 13.6ಕ್ಕೆ ಏರಿತು. ಇನ್ನೂ ಕೈಗೆ ಬಾರದ ಹಣವನ್ನು ಬಿಟ್ಟುಕೊಡಲು ಯಾರಿಗೂ ನೋವಿಲ್ಲ.

ಕಾಯುವುದೊಂದೇ ಸಾಲದು ಎನ್ನಲು ಹ್ಯೂಸ್ಟನ್‌ಗಿಂತ ಬೇರೆ ಸಾಕ್ಷಿ ಬೇಡ. ಅಲ್ಲಿನ ಎನ್ರಾನ್ ಕಂಪನಿಯ ನೌಕರರು ಶಿಸ್ತಾಗಿಯೇ ಉಳಿಸಿದ್ದರು. ಆದರೆ 401(ಕೆ) ಹಣದ ಅರ್ಧಕ್ಕಿಂತ ಹೆಚ್ಚು ತಮ್ಮದೇ ಕಂಪನಿಯ ಷೇರಿನಲ್ಲಿತ್ತು. ಮ್ಯಾಚ್ ಕೂಡ ಷೇರಿನಲ್ಲೇ ಬರುತ್ತಿತ್ತು, 50 ವರ್ಷ ತುಂಬುವವರೆಗೆ ಅದನ್ನು ಮಾರುವಂತಿರಲಿಲ್ಲ. 2000ದಲ್ಲಿ 90 ಡಾಲರ್ ಮುಟ್ಟಿದ್ದ ಷೇರು, 2001ರ ಡಿಸೆಂಬರಿನಲ್ಲಿ ಕಂಪನಿ ದಿವಾಳಿಯಾಗುವ ಹೊತ್ತಿಗೆ ಒಂದು ಡಾಲರಿಗಿಂತ ಕೆಳಗಿತ್ತು. ಕೆಲಸವೂ ಹೋಯಿತು, ಗಂಟೂ ಹೋಯಿತು. ಸಂಬಳ ಕೊಡುವ ಕಂಪನಿಯಲ್ಲೇ ಮುಪ್ಪಿನ ಹಣವನ್ನೂ ಇಡಬೇಡಿ; ಮಾರುಕಟ್ಟೆಯ ನೂರಾರು ಕಂಪನಿಗಳಲ್ಲಿ ಹರಡುವ ಇಂಡೆಕ್ಸ್ ಫಂಡ್ ಸಾಕು.

ಎರಡು ವರ್ಷಕ್ಕೊಮ್ಮೆ ಕೆಲಸ ಬದಲಿಸುವ ಆಸ್ಟಿನ್‌ನ ಟೆಕ್ಕಿಗಳಿಗೆ ಇನ್ನೊಂದು ತೊಡಕಿದೆ. ನೀವು ಹಾಕಿದ್ದು ಯಾವತ್ತೂ ನಿಮ್ಮದೇ. ಕಂಪನಿ ಹಾಕಿದ್ದು ಪೂರ್ತಿ ನಿಮ್ಮದಾಗಲು ಕೆಲವು ಕಡೆ ಮೂರು ವರ್ಷ ಕಾಯಬೇಕು, ಕೆಲವು ಕಡೆ ವರ್ಷವರ್ಷವೂ ಇಷ್ಟಿಷ್ಟು ಸೇರುತ್ತ ಆರು ವರ್ಷ ಹಿಡಿಯಬಹುದು. ಹಾಗಾಗಿ ಸೇರಿದ ವಾರದಲ್ಲೇ ಎಚ್‌ಆರ್‌ಗೆ ಕೇಳಿ: ಮ್ಯಾಚ್ ಎಷ್ಟರವರೆಗೆ, ಅದು ನನ್ನದಾಗುವುದು ಯಾವಾಗ?