ಬಿಸಿಯೂ ಬೇಕು, ಬಿಡುವೂ ಬೇಕು

ಕಬ್ಬಿಣ ಕಾದಾಗಲೇ ಬಡಿಯಬೇಕು ಎಂದು ಗದ್ವಾಲ್, ಮಕ್ತಲ್ ಕಡೆಯ ಕಂಬಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕುಲುಮೆಯಿಂದ ಇಕ್ಕಳದಲ್ಲಿ ಹೊರಬಂದ ಕುಡಗೋಲಿನ ಪಟ್ಟಿ ಕೆಂಪಾಗಿರುವಷ್ಟು ಹೊತ್ತು ಸುತ್ತಿಗೆ ನಿಲ್ಲುವುದಿಲ್ಲ. ಕಪ್ಪಿಟ್ಟಿತೋ, ಮತ್ತೆ ಬೆಂಕಿಗೆ. ಇದೇ ಅವಸರವನ್ನು ಮೆಗ್ನೀಸಿಯಂ ತಗಡಿನ ಮೇಲೆ ತೋರಿಸಿದರೆ ಬಿರುಕು ಬಿಡುವುದೇ ಹೆಚ್ಚು.

ಆದರೂ ಅದರ ಬೆನ್ನು ಬಿಡದಿರಲು ಕಾರಣ ತೂಕ. ಒಂದು ಘನ ಸೆಂಟಿಮೀಟರ್ ಕಬ್ಬಿಣ 7.87 ಗ್ರಾಂ ತೂಗಿದರೆ ಅಲ್ಯೂಮಿನಿಯಂ 2.7, ಮೆಗ್ನೀಸಿಯಂ ಬರೀ 1.74. ಕ್ಯಾಮೆರಾ, ಲ್ಯಾಪ್‌ಟಾಪ್‌ಗಳಲ್ಲಿ ಅದು ಆಗಲೇ ಇದೆ. ಆದರೆ ಹೆಚ್ಚಿನವು ಎರಕದ ಭಾಗಗಳು, ತಗಡು ಒತ್ತಿ ಮಾಡಿದವು ಕಡಿಮೆ.

ಲೋಹ ಬಾಗುವಾಗ ಅದರ ಹರಳುಗಳೊಳಗೆ ಪರಮಾಣುಗಳ ಪದರಗಳು ಒಂದರ ಮೇಲೊಂದು ಜಾರುತ್ತವೆ. ಅಲ್ಯೂಮಿನಿಯಂನಲ್ಲಿ ಹಲವು ದಿಕ್ಕಿಗೆ ಜಾರುದಾರಿಗಳಿವೆ. ಮೆಗ್ನೀಸಿಯಂ ಹರಳಿನದು ಆರು ಮೂಲೆಯ ಜೋಡಣೆ. ಸಾಮಾನ್ಯ ಉಷ್ಣತೆಯಲ್ಲಿ ಅದರ ಅಡ್ಡ ಪದರಗಳಷ್ಟೇ ಸಲೀಸಾಗಿ ಜಾರುತ್ತವೆ. ಇಸ್ಪೀಟಿನ ಕಟ್ಟನ್ನು ಪಕ್ಕಕ್ಕೆ ತಳ್ಳಿದರೆ ಸರಿಯುತ್ತದೆ, ಮೇಲಿನಿಂದ ಒತ್ತಿದರೆ ಜಗ್ಗುವುದಿಲ್ಲವಲ್ಲ, ಹಾಗೆ. ರೋಲರ್‌ಗಳ ನಡುವೆ ಹಾಯಿಸಿ ತಗಡು ಮಾಡುವಾಗ ಈ ಪದರಗಳು ಬಹುಮಟ್ಟಿಗೆ ತಗಡಿನುದ್ದಕ್ಕೂ ಮಲಗಿಬಿಡುತ್ತವೆ. ಆಮೇಲೆ ತಗಡು ಇನ್ನಷ್ಟು ತೆಳುವಾಗಲು ಒಪ್ಪುವುದಿಲ್ಲ. ಚೂಪಾಗಿ ಮಡಿಸಿದರೆ ಮಡಿಕೆಯಲ್ಲೇ ಸೀಳುತ್ತದೆ.

ಶೇ. 3ರಷ್ಟು ಅಲ್ಯೂಮಿನಿಯಂ, ಶೇ. 1ರಷ್ಟು ಸತು ಬೆರೆತ ಎಝಡ್31 ಎಂಬ ಮಿಶ್ರಲೋಹದ ತಗಡನ್ನು 200ರಿಂದ 300 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿದರೆ ಮುಚ್ಚಿದ್ದ ಬೇರೆ ಜಾರುದಾರಿಗಳೂ ತೆರೆದುಕೊಳ್ಳುತ್ತವೆ. ಒತ್ತುತ್ತಿರುವಾಗಲೇ ನಜ್ಜಾದ ಹರಳುಗಳ ಜಾಗದಲ್ಲಿ ಹೊಸ ಸಣ್ಣ ಹರಳುಗಳು ಮೂಡುತ್ತವೆ. ಕಾವು ಅತಿಯಾದರೆ ಅವು ದಪ್ಪನಾಗಿ ಬೆಳೆದು ತಗಡಿನ ಬಲ ಕುಗ್ಗುವುದೂ ಉಂಟು.

ಹೊಸ ಹರಳು ಮೂಡಲು ಪರಮಾಣುಗಳು ಜಾಗ ಬದಲಿಸಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ವೇಗದ ಪಾತ್ರ ಇಲ್ಲಿದೆ. ಝೀನರ್ ಮತ್ತು ಹಾಲೊಮನ್ 1944ರಲ್ಲಿ ಉಕ್ಕಿನ ಅಧ್ಯಯನದಲ್ಲಿ ಕಾವು, ವೇಗ ಎರಡನ್ನೂ ಒಂದೇ ಸೂತ್ರಕ್ಕೆ ತಂದರು. ಅದನ್ನು ಮೆಗ್ನೀಸಿಯಂಗೆ ಹಾಕಿ ನೋಡಿದರೆ, 250 ಡಿಗ್ರಿಯ ಆಸುಪಾಸಿನಲ್ಲಿ ಒತ್ತುವ ವೇಗವನ್ನು ಹತ್ತನೇ ಒಂದು ಪಾಲಿಗೆ ಇಳಿಸುವುದೂ ಸುಮಾರು 40 ಡಿಗ್ರಿ ಹೆಚ್ಚು ಕಾಯಿಸುವುದೂ ಹತ್ತಿರ ಹತ್ತಿರ ಒಂದೇ. ಬೆಂಕಿ ಉಳಿಸಬೇಕಾದರೆ ಹೊತ್ತು ಖರ್ಚು ಮಾಡಬೇಕು.

ಇಂಥ ಲೆಕ್ಕಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕೊಡುಗೆ ದೊಡ್ಡದು. ಅಲ್ಲಿನ ಪ್ರಾಧ್ಯಾಪಕ ವೈ.ವಿ.ಆರ್.ಕೆ. ಪ್ರಸಾದ್ 1984ರಲ್ಲಿ ಅಮೆರಿಕದ ಸಹೋದ್ಯೋಗಿಗಳೊಡನೆ ಟೈಟಾನಿಯಂ ಮಿಶ್ರಲೋಹಕ್ಕೊಂದು ನಕ್ಷೆ ಬರೆದರು. ಒಂದು ಬದಿಗೆ ಉಷ್ಣತೆ, ಇನ್ನೊಂದು ಬದಿಗೆ ವೇಗ. ಲೋಹ ಎಲ್ಲಿ ಪಳಗುತ್ತದೆ, ಎಲ್ಲಿ ಒಡೆಯುತ್ತದೆ ಎಂಬುದು ಗೆರೆಗಳಲ್ಲಿ ಕಾಣುತ್ತದೆ. ಎಸ್. ಶಶಿಧರ ಅವರ ಜೊತೆ 1997ರಲ್ಲಿ ಅವರು ತಂದ ಸಂಕಲನದಲ್ಲಿ ಹಲವಾರು ಲೋಹಗಳ ಇಂಥ ನಕ್ಷೆಗಳಿವೆ.

ನಕ್ಷೆ ಕೈಯಲ್ಲಿದ್ದರೂ ತಗಡಿನ ತಕರಾರು ಬೇರೆ. ತೆಳ್ಳಗಿರುವುದರಿಂದ ತಣ್ಣನೆಯ ಅಚ್ಚನ್ನು ಮುಟ್ಟಿದೊಡನೆ ಕಾವು ಕಳೆದುಕೊಳ್ಳುತ್ತದೆ, ನಿಧಾನಿಸಿದಷ್ಟೂ ತಣಿಯುತ್ತದೆ. ಹಾಗಾಗಿ ಅಚ್ಚನ್ನೇ ಕಾಯಿಸುತ್ತಾರೆ. ಬಟ್ಟಲಿನ ಆಕಾರ ಎಳೆಯುವಾಗಲಂತೂ ಅಂಚನ್ನು ಹಿಡಿಯುವ ಭಾಗ ಬಿಸಿ, ನಡುವೆ ತಳ್ಳುವ ಪಂಚ್ ಮಾತ್ರ ನೀರು ಹರಿಸಿದ ತಂಪು. ಅಂಚು ಮೆತ್ತಗಾಗಿ ಒಳಕ್ಕೆ ಹರಿದುಬರಬೇಕು, ಎಳೆತ ಹೊರುವ ಗೋಡೆ ಗಟ್ಟಿಯಾಗಿ ನಿಲ್ಲಬೇಕು. ತಗಡನ್ನು ಒಂದೇ ಸಮ ಕಾಯಿಸಿದ್ದಕ್ಕಿಂತ ಆಳವಾದ ಬಟ್ಟಲು ಹೀಗೆ ಸಿಗುತ್ತದೆ. ಉಕ್ಕಿನ ತಗಡನ್ನು ತಣ್ಣಗೇ ಪಟಪಟನೆ ಒತ್ತಿ ಅಭ್ಯಾಸವಾದ ಕಾರ್ಖಾನೆಗೆ ಮಾತ್ರ ಈ ಕಾವು, ಈ ನಿಧಾನ ಎರಡೂ ದುಬಾರಿ.