ನಾಡಿಗೇ ಅಜ್ಜಿಯಾದ ತಿಮ್ಮಕ್ಕ

ಸಾಹಸ ಎಂದೊಡನೆ ಮಕ್ಕಳಿಗೆ ನೆನಪಾಗುವುದು ಹಿಮಾಲಯ, ಸಮುದ್ರಯಾನ, ಚಂದ್ರಲೋಕ. ಮಣ್ಣಿನ ರಸ್ತೆಯಲ್ಲಿ ನೀರಿನ ಬಿಂದಿಗೆ ಹೊತ್ತು ನಡೆಯುವುದೂ ಸಾಹಸವೇ ಎಂದು ತೋರಿಸಿಕೊಟ್ಟವರು ಸಾಲುಮರದ ತಿಮ್ಮಕ್ಕ. 2025ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯಂದೇ, 114ನೆಯ ವಯಸ್ಸಿನಲ್ಲಿ ಅವರು ಬೆಂಗಳೂರಿನಲ್ಲಿ ಕಣ್ಮುಚ್ಚಿದರು.

ತಿಮ್ಮಕ್ಕ ನಮ್ಮ ಜಿಲ್ಲೆಯ ಮಗಳು. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ, ಮಾಗಡಿ ತಾಲ್ಲೂಕಿನ ಹುಲಿಕಲ್ ಗ್ರಾಮದ ಚಿಕ್ಕಯ್ಯನವರ ಕೈಹಿಡಿದರು. ಶಾಲೆಗೆ ಹೋದವರಲ್ಲ, ಕಲ್ಲುಗಣಿಯಲ್ಲಿ ಕೂಲಿ ಮಾಡಿದವರು. ದಂಪತಿಗಳಿಗೆ ಮಕ್ಕಳಾಗಲಿಲ್ಲ. ಹಳ್ಳಿಯಲ್ಲಿ ಬಂಜೆ ಎಂಬ ಮಾತು ಎಷ್ಟು ಚುಚ್ಚುತ್ತದೆಂಬುದು ಹಿರಿಯರಿಗೆ ಗೊತ್ತು. ಆ ದುಃಖವನ್ನು ನುಂಗಿಕೊಂಡು ಗಂಡ ಹೆಂಡತಿ ಆಲದ ಸಸಿಗಳನ್ನೇ ಮಕ್ಕಳೆಂದುಕೊಂಡರು. ಮೊದಲ ವರ್ಷ 10, ಮರುವರ್ಷ 15, ಅದರಾಚೆ 20. ಹೀಗೆ ಹುಲಿಕಲ್ಲಿನಿಂದ ಕುದೂರಿನವರೆಗೆ ಸುಮಾರು ನಾಲ್ಕೂವರೆ ಕಿಲೋಮೀಟರ್ ಉದ್ದಕ್ಕೂ ಸಾಲು ಬೆಳೆಯಿತು. ಆ ಮರಗಳ ಲೆಕ್ಕ 385 ಎಂದು ನಾಡಿಗೆಲ್ಲ ಗೊತ್ತು.

ಒಂದು ಸಣ್ಣ ಲೆಕ್ಕ

ವಿದ್ಯಾರ್ಥಿಗಳು ಒಂದು ಲೆಕ್ಕ ಮಾಡಿ ನೋಡಬೇಕು. ಒಂದು ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ. ಹತ್ತು ಲೀಟರಿನ ಎರಡು ಬಿಂದಿಗೆ ಎಂದರೆ, ಬಿಂದಿಗೆಯ ಭಾರ ಬಿಟ್ಟು, 20 ಕಿಲೋಗ್ರಾಂ. ಸಾಲಿನ ತುದಿಯವರೆಗೆ ಹೋಗಿ ಬರುವುದೆಂದರೆ ಒಂಬತ್ತು ಕಿಲೋಮೀಟರ್ ನಡಿಗೆ. ಅದೂ ಕೂಲಿಯ ದುಡಿತದ ಜೊತೆಗೆ! ದನಕರು ಬಾಯಿ ಹಾಕದಂತೆ ಮುಳ್ಳುಬೇಲಿ ಕಟ್ಟುವ ಕೆಲಸ ಬೇರೆ.

ನಮ್ಮ ಬಿಳಿಗೆರೆ, ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಗಿಡ ನೆಡುವುದು ಹೊಸದೇನಲ್ಲ. ಆದರೆ ನಾವು ತೆಂಗನ್ನು ನಮ್ಮ ತೋಟದೊಳಗೆ ನೆಡುತ್ತೇವೆ. ಆರೇಳು ವರ್ಷದಲ್ಲಿ ಫಸಲು ಕಾಣುತ್ತೇವೆ. ಅಟ್ಟದ ಮೇಲಿನ ಕೊಬ್ಬರಿ ನಮ್ಮದೇ. ತಿಮ್ಮಕ್ಕ ನೆಟ್ಟದ್ದು ಊರ ದಾರಿಯಲ್ಲಿ. ಫಲ ಹಕ್ಕಿಗೆ, ನೆರಳು ದಾರಿಹೋಕರಿಗೆ.

ಆಲವೇ ಏಕೆ?

ತೆಂಗಿಗೆ ಇರುವುದು ಒಂದೇ ಸುಳಿ. ಅದು ಕೊಳೆತರೆ ಮರವೇ ಹೋಯಿತು. ಆಲದ ರೀತಿ ಬೇರೆ. ಮಳೆಗಾಲದಲ್ಲಿ ಬಲಿತ ಕೊಂಬೆಯನ್ನು ನೆಟ್ಟರೂ ಬೇರು ಬಿಡುತ್ತದೆ. ರೆಂಬೆಗಳಿಂದ ಇಳಿದ ಬಿಳಲು ನೆಲ ಮುಟ್ಟಿ ದಪ್ಪವಾಗಿ ಕಂಬದಂತೆ ಮರಕ್ಕೆ ಆಸರೆ ಕೊಡುತ್ತದೆ. ಇದರ ಹೂವುಗಳು ಕಾಯಿಯಂಥ ಗೊಂಚಲಿನ ಒಳಗೇ ಅಡಗಿರುತ್ತವೆ. ಪರಾಗಸ್ಪರ್ಶಕ್ಕೆ ಬರುವುದು ಅದಕ್ಕೆಂದೇ ಇರುವ ಒಂದು ಪುಟ್ಟ ಕಣಜ. ಹಣ್ಣು ತಿಂದ ಹಕ್ಕಿಗಳು ಬೀಜವನ್ನು ದೂರ ದೂರ ಹರಡುತ್ತವೆ. ದಾರಿಯ ಬದಿಗೆ ಆಲ ನೆಡಿಸಿದ ಮಾತು ಅಶೋಕನ ಶಾಸನದಲ್ಲೂ ಇದೆ. ಸಾಮ್ರಾಟನ ಆಜ್ಞೆಯಿಂದ ಆದದ್ದನ್ನು ಇಲ್ಲಿ ಇಬ್ಬರು ಕೂಲಿಕಾರರು ಮಾಡಿದರು.

1991ರಲ್ಲಿ ಚಿಕ್ಕಯ್ಯ ತೀರಿಕೊಂಡರು. ತಿಮ್ಮಕ್ಕ ಕೈಚೆಲ್ಲಿ ಕೂರಲಿಲ್ಲ. 1995ರ ರಾಷ್ಟ್ರೀಯ ಪೌರ ಪ್ರಶಸ್ತಿ ಅವರನ್ನು ದೇಶಕ್ಕೆ ಪರಿಚಯಿಸಿತು. 2019ರ ಮಾರ್ಚಿಯಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ಅವರು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದರ ತಲೆ ಮುಟ್ಟಿ ಹರಸಿದರು. ರಾಷ್ಟ್ರಪತಿ ಭವನದ ಶಿಷ್ಟಾಚಾರ ಒಂದು ಗಳಿಗೆ ಅಜ್ಜಿಯ ಮುಂದೆ ತಲೆಬಾಗಿತು. ಸಭೆ ಚಪ್ಪಾಳೆ ತಟ್ಟಿತು.

ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲೀಕರಣದಿಂದ ಅವರ ಮರಗಳಿಗೆ ಕೊಡಲಿಯ ಭಯ ಬಂತು. ನೂರು ದಾಟಿದ ಅಜ್ಜಿ ಸುಮ್ಮನಿರಲಿಲ್ಲ. ಅಂದಿನ ಮುಖ್ಯಮಂತ್ರಿಗಳಿಗೇ ಮೊರೆಯಿಟ್ಟರು. ಮರ ಉಳಿಸುವ ಬದಲಿ ದಾರಿ ಹುಡುಕಲು ಸರ್ಕಾರ ಒಪ್ಪಿತು. ನೆಡುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ ಎಂಬ ಪಾಠ ಇದು. ಪರಿಸರ ದಿನದಂದು ಸಸಿ ಹಿಡಿದು ಫೋಟೋ ತೆಗೆಸಿಕೊಂಡು, ಬೇಸಿಗೆಯಲ್ಲಿ ಅತ್ತ ಸುಳಿಯದ ನಾವೆಲ್ಲ ಇದನ್ನು ಗಮನಿಸಬೇಕು.

ಪೋಷಕರಲ್ಲಿ ಒಂದು ವಿನಂತಿ. ಈ ಮುಂಗಾರಿನಲ್ಲಿ ಮಗುವಿಗೆ ಒಂದೇ ಒಂದು ಸಸಿ ಕೊಡಿಸಿ. ತೋಟದ ಬದುವಾಗಲಿ, ಶಾಲೆಯ ಅಂಗಳವಾಗಲಿ, ಮಗುವಿನ ಕೈಯಿಂದಲೇ ನೆಡಿಸಿ. ಮೂರು ಬೇಸಿಗೆ ನೀರು ಹೊರುವ ಹೊಣೆಯೂ ಅದಕ್ಕೇ ಇರಲಿ. ನಾಲ್ಕನೆಯ ವರ್ಷ ಆ ಗಿಡ ತಾನೇ ನೆಲದಾಳದ ನೀರು ಹುಡುಕಿಕೊಳ್ಳುತ್ತದೆ.